ಎಲ್ಲ ಎಮ್ಮೆಗಳು ಹಡಗುಗಳು

ನಮ್ಮ ಊರಿನಲ್ಲಿ ತರ್ಕದ ಪಾಠ ಹೇಳಿಕೊಡುವುದೆಂದರೆ ಹುಡುಗಾಟವಲ್ಲ. ಬೇರೆ ಊರಿನ ಮೇಷ್ಟ್ರುಗಳಿಗೇನು, ಕರಿಹಲಗೆಯ ಮುಂದೆ ನಿಂತು ‘ಎಲ್ಲ ಕೊಡೆಗಳು ಕುದುರೆಗಳು, ಕೆಲವು ಕುದುರೆಗಳು ಕಪಾಟುಗಳು’ ಎಂದು ಗಂಟಲು ಹರಿಯುವಂತೆ ಓದಿ, ಮಧ್ಯಾಹ್ನ ಮನೆಗೆ ಹೋಗಿ ಉಂಡು ಮಲಗುತ್ತಾರೆ. ನಾನು ಹಾಗೆ ಓದಿದೆನೆನ್ನಿ, ಊರಿನ ಕೊಡೆಗಳೆಲ್ಲ ಒಂಟಿಗಾಲಲ್ಲಿ ಕುಪ್ಪಳಿಸುತ್ತ ಬಂದು ತರಗತಿ ತುಂಬಿಕೊಳ್ಳುತ್ತವೆ. ಅವುಗಳ ಹಿಂದೆ ಬೈದುಕೊಂಡು ಬರುವ ಯಜಮಾನರನ್ನು ಸಂಭಾಳಿಸುವವರು ಯಾರು? ನಾನು ತ್ರಿಯಂಬಕ, ಸರ್ಕಾರಿ ಕೆಲಸದ ಪರೀಕ್ಷೆಗೆ ಕೂರುವವರಿಗೆ ತರ್ಕ ಹೇಳಿಕೊಡುತ್ತ ತಲೆಕೂದಲು ಬೆಳ್ಳಗೆ ಮಾಡಿಕೊಂಡವನು. ಬರೆಯುವುದಕ್ಕೆ ಭಯವಿಲ್ಲ, ಅದಕ್ಕೇ ಇಷ್ಟು ಧಾರಾಳವಾಗಿ ಬರೆಯುತ್ತಿದ್ದೇನೆ. ನೀವು ನಮ್ಮೂರಿಗೆ ಬಂದಾಗ ಮಾತ್ರ ಇದನ್ನು ಬಾಯಿಬಿಟ್ಟು ಓದಬೇಡಿ ಮಹರಾಯರೇ.

ಹಾಗಂತ ನಾವೇನೂ ಹೆದರಿಕೊಂಡು ಬದುಕುವವರಲ್ಲ. ‘ಎಲ್ಲ’ ಎನ್ನಬೇಕಾದಾಗ ಬೆರಳಿನಿಂದ ಗಾಳಿಯಲ್ಲಿ ಒಂದು ಸುತ್ತು ಬರೆಯುತ್ತೇವೆ, ಮುಗಿಯಿತು. ತರಕಾರಿಯವಳ ಬುಟ್ಟಿಯ ಮೇಲೆ ಸುತ್ತು ಬರೆದರೆ ಬುಟ್ಟಿ ಪೂರ್ತಿ ಬೇಕು ಎಂದರ್ಥ. ‘ಕೆಲವು’ ಎಂದು ಬಾಯಲ್ಲೇ ಹೇಳುವುದುಂಟು, ಏಕೆಂದರೆ ಆಗ ಬರುವುದು ಒಂದೇ. ಕೆಲವು ಮೇಕೆಗಳು ಎಂದರೆ ಒಂದು ಮೇಕೆ ಬಂದು ಮುಖ ತೋರಿಸಿ, ಬಾಗಿಲಿನ ತೋರಣದ ಒಂದೆಲೆ ತಿಂದು ಹೋಗುತ್ತದೆ. ಅಷ್ಟನ್ನು ತಡೆದುಕೊಳ್ಳಬಹುದು.

ಕಷ್ಟದ ಮಾತು ‘ಯಾರೂ ಇಲ್ಲ’ ಎನ್ನುವುದು. ಹಿಂದಿನ ಬೀದಿಯ ಗಿರಿಯವ್ವ ಒಮ್ಮೆ ಸಿಟ್ಟಿನ ಭರದಲ್ಲಿ, “ನನ್ನ ಹೆಣ್ಮಕ್ಕಳಲ್ಲಿ ಯಾರಿಗೂ ಈ ವರ್ಷ ಗಂಡು ಸಿಗಲ್ಲ” ಎಂದುಬಿಟ್ಟಳು. ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದ ನಡುವಿನ ಮಗಳು ಲಟ್ಟಣಿಗೆ ಹಿಡಿದುಕೊಂಡೇ ಬಂದು ಅವ್ವನ ಮುಂದೆ ನಿಂತಳು. ವೈಶಾಖಕ್ಕೆ ಅವಳ ಮದುವೆ ಆಯಿತು. ಆದರೆ ಬಸ್ ನಿಲ್ದಾಣದ ಮುದ್ದಣ್ಣನ ಗತಿ ನೋಡಿ. ನಾಲ್ಕು ಜನರ ಬಾಯಲ್ಲಿ ಹೊಗಳಿಸಿಕೊಳ್ಳುವ ಆಸೆಗೆ, “ನನ್ನ ದೋಸೇನ ಯಾರೂ ಮೆಚ್ಚಲ್ಲ ಬಿಡಿ” ಎಂದು ಬಾಗಿಲು ನೋಡುತ್ತ ಕೂತ. ಒಂದು ನರಪಿಳ್ಳೆಯೂ ಬರಲಿಲ್ಲ. ಮಾರನೆಯ ದಿನ ಹೋಟೆಲು ಮುಚ್ಚಿ ಸೈಕಲ್ ರಿಪೇರಿಗೆ ಇಳಿದ. ಹೀಗಾಗಿ ತಮಗೆ ಬೇಕು ಅನ್ನಿಸಿದ ಯಾವ ವಿಷಯದಲ್ಲೂ ನಮ್ಮೂರಿನವರು ಆ ಮಾತನ್ನು ನಾಲಿಗೆಯ ಹತ್ತಿರಕ್ಕೂ ತರುವುದಿಲ್ಲ. ಸುಳ್ಳಾದರೆ ಸುಳ್ಳು ಮಾಡುವವರೊಬ್ಬರು ಎದ್ದು ಬರುತ್ತಾರೆ, ಸರಿ. ಬರದಿದ್ದರೆ? ಆ ಬಾಗಿಲನ್ನು ನೋಡುತ್ತ ಕೂರುವ ಎದೆಗಾರಿಕೆ ಯಾರಿಗಿದೆ?

ನನ್ನ ತರಗತಿಗೆ ಬಂದವರಿಗೆ ಮೊದಲು ಕೊಡುವುದು ಪುಸ್ತಕವಲ್ಲ, ಕಲ್ಲುಸಕ್ಕರೆಯ ಒಂದು ಹರಳು. ಬಾಯಲ್ಲಿ ಅದನ್ನಿಟ್ಟುಕೊಂಡರೆ ನಾಲಿಗೆ ಅದರ ಸುತ್ತಲೇ ಸುಳಿದಾಡುತ್ತಿರುತ್ತದೆ, ಪ್ರಶ್ನೆಯನ್ನು ಗಟ್ಟಿಯಾಗಿ ಓದುವ ಚಪಲ ಹುಟ್ಟುವುದಿಲ್ಲ. ನಮ್ಮಜ್ಜನ ಕಾಲದಿಂದ ನಡೆದುಬಂದ ಪದ್ಧತಿ. ನನ್ನ ಶಿಷ್ಯರಲ್ಲಿ ಅರ್ಧ ಜನ ತರ್ಕಕ್ಕಾಗಿ ಬರುತ್ತಾರೆ, ಇನ್ನರ್ಧ ಜನ ಕಲ್ಲುಸಕ್ಕರೆಗಾಗಿ ಬರುತ್ತಾರೆ ಎಂಬುದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಸೋಡಾ ಅಂಗಡಿಯ ಗೌರೀಶ ಎರಡನೆಯ ಜಾತಿ. ಅವನ ಅಕ್ಕ ಅವನನ್ನು ದಬ್ಬಿಕೊಂಡು ಬಂದು ಕೂರಿಸುತ್ತಿದ್ದಳು. ಅವನು ಹರಳು ಚೀಪುತ್ತ ಗೋಡೆಗೆ ಒರಗಿ ನಿದ್ದೆ ಹೋಗುತ್ತಿದ್ದ.

ಸರಸಿಜಾ ಬಂದದ್ದು ತರ್ಕಕ್ಕೆ. ಊರಿಗಿರುವುದು ಒಂದೇ ಹಿಟ್ಟಿನ ಗಿರಣಿ, ಅದನ್ನು ಒಬ್ಬಳೇ ನಡೆಸುತ್ತಿದ್ದವಳು ಅವಳು. ರೆಪ್ಪೆಯ ಮೇಲೆ ಸದಾ ಒಂದಿಷ್ಟು ಹಿಟ್ಟು. ಅವಳ ಕಣ್ಣು ಗುಡ್ಡದ ಮೇಲಿನ ಹವಾಮಾನ ಕಚೇರಿಯ ಮೇಲಿತ್ತು. ಆ ಕಚೇರಿಗೆ ಕೊನೆಯದಾಗಿ ಬಂದ ಪರಸ್ಥಳದ ಅಧಿಕಾರಿ, ಮೊದಲ ದಿನವೇ ಕಿಟಕಿಯಲ್ಲಿ ನಿಂತು, “ಇಲ್ಲಿನ ಮೋಡಗಳೆಲ್ಲ ಬರೀ ಒಣ ಮೋಡಗಳು” ಎಂದು ಮೂಗು ಮುರಿದಿದ್ದ. ಮೋಡಗಳು ಅವನ ಕೋಣೆಯೊಳಕ್ಕೇ ಬಂದವು. ತೊಯ್ದು ತೊಪ್ಪೆಯಾದ ಮನುಷ್ಯ ಸಂಜೆಯ ಬಸ್ಸು ಹತ್ತಿದವನು ತಿರುಗಿ ನೋಡಲಿಲ್ಲ. ಅಂದಿನಿಂದ ಆ ಹುದ್ದೆ ಖಾಲಿ. ಬೇರೆ ಊರಿನವರು ಅದಕ್ಕೆ ಅರ್ಜಿಯನ್ನೇ ಹಾಕುವುದಿಲ್ಲ, ನಮ್ಮೂರಿನಲ್ಲಿ ಅದನ್ನು ಕೇಳಿದವಳು ಅವಳೊಬ್ಬಳೇ, ಆದ್ದರಿಂದ ಪರೀಕ್ಷೆ ಪಾಸಾದರೆ ಅದು ಸರಸಿಜಾಳಿಗೇ.

“ಗಿರಣೀಲಿ ನಂಗೆ ಆಕಾಶ ಕಾಣಲ್ಲ ಮೇಷ್ಟ್ರೇ,” ಎಂದಿದ್ದಳು ಮೊದಲ ದಿನ. “ಬಾಗಿಲಲ್ಲಿ ಒಂದು ತುಂಡು ಕಾಣ್ತದೆ. ಆ ತುಂಡು ನೋಡ್ಕೊಂಡೇ ಜನಕ್ಕೆ ಹೇಳ್ತೀನಿ, ಇವತ್ತು ರಾಗಿ ಒಣಗಾಕ್ಬೇಡಿ ಅಂತ. ಪೂರ್ತಿ ಆಕಾಶ ಕೊಟ್ರೆ ಇನ್ನೆಷ್ಟು ಹೇಳ್ಬೋದು ನಾನು!” ಅವಳು ಹೇಳಿದ್ದು ನಿಜ. ಅವಳ ಮಾತು ಕೇಳದೆ ನಮ್ಮ ಮನೆಯ ಹಪ್ಪಳ ಎರಡು ಸಲ ನೆನೆದಿದೆ.

ಬುದ್ಧಿ ಚುರುಕು, ಆದರೆ ರೋಗ ಎರಡು. ಗಿರಣಿಯ ಸದ್ದಿನಲ್ಲಿ ತನ್ನ ಮಾತು ತನಗೇ ಕೇಳಲೆಂದು ಬಾಯಿಬಿಟ್ಟು ಯೋಚಿಸುವುದು ಅವಳಿಗೆ ರೂಢಿ. ಕಲ್ಲುಸಕ್ಕರೆ ಕರಗಿತೋ, ತುಟಿ ಅಲ್ಲಾಡಲು ಶುರು. ಎರಡನೆಯದು ‘ಕೆಲವು’ ಎಂಬ ಪದದ ರೋಗ.

“ಕೆಲವು ಅಂದ್ರೆ ಪೂರ್ತಿ ಅಲ್ಲ ಅಂತ ತಾನೆ ಮೇಷ್ಟ್ರೇ? ಈಗ ನಾನು ಕೆಲವು ಚೀಲ ಬೀಸಾಗಿದೆ ಅಂದೆ ಅನ್ಕೊಳ್ಳಿ, ಉಳಿದಿದ್ದು ಹಾಗೇ ಕೂತದೆ ಅಂತ ತಾನೆ?”

ಅಂದಳು, ಕೂತಳು. ಸ್ವಲ್ಪ ಹೊತ್ತಿಗೆ ಮೆಟ್ಟಿಲಿನ ಮೇಲೆ ದೊಪ್ಪೆಂಬ ಸದ್ದು. ಗಿರಣಿಯಿಂದ ಒಂದು ರಾಗಿಹಿಟ್ಟಿನ ಚೀಲ, ದಾರಿಯುದ್ದಕ್ಕೂ ಹಿಟ್ಟು ಚೆಲ್ಲಿಕೊಂಡು, ಏದುಸಿರು ಬಿಡುವವರ ಹಾಗೆ ಉಬ್ಬಿ ತಗ್ಗುತ್ತ ಬಾಗಿಲಿಗೆ ಬಂದು ನಿಂತಿತ್ತು.

“ನೋಡು, ಬಂತು,” ಎಂದೆ. “ಎಷ್ಟು ಬಂತು?”

“ಒಂದು.”

“ಆ ಒಂದರಿಂದ ನಿನ್ನ ಮಾತು ನಿಜವಾಯ್ತಾ?”

“ಆಯ್ತು.”

“ಉಳಿದದ್ದು ಬೀಸಾಗಿದೆಯೋ ಇಲ್ಲವೋ, ಈ ಚೀಲ ಹೇಳುತ್ತಾ?”

ಅವಳು ಚೀಲದ ಮುಖ ನೋಡಿದಳು. ಚೀಲ ಬಾಯಿ ಬಿಡಲಿಲ್ಲ. “ಇಲ್ಲ,” ಎಂದಳು.

“ಅಷ್ಟೇ ಕಣಮ್ಮ. ಗಿರಣಿಯ ಕೆಲವು ಬೇರೆ, ಪ್ರಶ್ನೆಪತ್ರಿಕೆಯ ಕೆಲವು ಬೇರೆ. ಪ್ರಶ್ನೆಪತ್ರಿಕೇಲಿ ಕೆಲವು ಅಂದರೆ ಒಂದಾದರೂ ಇದೆ ಅಂತ. ಪೂರ್ತಿ ಇದ್ದರೂ ಇರಬಹುದು.” ನಾನು ಬೆರಳಲ್ಲಿ ದೊಡ್ಡ ಸುತ್ತು ಬರೆದು ತೋರಿಸಿದೆ. “ಉಳಿದವು ಬೀಸಿಲ್ಲ ಅಂತ ಅವರು ಹೇಳಿಲ್ಲ, ನೀನೇ ಸೇರಿಸಿದ್ದು. ಗೊತ್ತಿಲ್ಲದ್ದನ್ನ ಗೊತ್ತಿದೆ ಅಂತ ಬರೆದವರೇ ಫೇಲಾಗೋದು.”

ಅವಳಿಗೆ ಒಮ್ಮೆ ಅರ್ಥವಾದರೆ ಕಲ್ಲಿನಲ್ಲಿ ಕೆತ್ತಿದ ಹಾಗೆ. ಹಾಗಿದ್ದೂ ಎರಡು ಸಲ ಫೇಲಾದಳು. ಪರೀಕ್ಷೆ ನಡೆಯುತ್ತಿದ್ದದ್ದು ಜಿಲ್ಲಾ ಕೇಂದ್ರದಲ್ಲಿ, ಅಲ್ಲಿ ಏನು ಹೇಳಿದರೂ ಏನೂ ಬರುವುದಿಲ್ಲ. ಈ ತಾಯಿ ಮಾಡಿದ್ದೇನು? ‘ಕೆಲವು ನವಿಲುಗಳು ಬೀಗಗಳು’ ಎಂದು ಗೊಣಗಿ, ನವಿಲೋ ಬೀಗವೋ ಬರಲಿ, ನೋಡಿಕೊಂಡು ಬರೆಯೋಣ ಎಂದು ಬಾಗಿಲು ನೋಡುತ್ತ ಕೂತಳು! ನವಿಲು ಬರುವ ಮೊದಲು ಗಂಟೆ ಹೊಡೆಯಿತು. ಎರಡನೆಯ ಸಲವೂ ಅದೇ ಕಥೆ. “ಬರ್ತದೆ ಅನ್ನೋ ಅಭ್ಯಾಸ ಮೇಷ್ಟ್ರೇ, ಏನ್ ಮಾಡ್ಲಿ,” ಎಂದು ತಾನೇ ನಕ್ಕಳು. ನಗುವಾಗ ಕಣ್ಣಲ್ಲಿ ನೀರಿತ್ತು. ವಯಸ್ಸಿನ ಮಿತಿಯ ಪ್ರಕಾರ ಅವಳಿಗೆ ಉಳಿದದ್ದು ಇನ್ನೊಂದೇ ಅವಕಾಶ.

ಆ ಕೊನೆಯ ಸಲಕ್ಕೆ ಪರೀಕ್ಷಾ ಮಂಡಳಿಯವರು ನಮ್ಮೂರಿನ ಹೈಸ್ಕೂಲನ್ನೇ ಕೇಂದ್ರ ಮಾಡಿಬಿಟ್ಟರು. ಊರಿಗೆ ಊರೇ ಹಿಗ್ಗಿತು. ನನಗೆ ಮಾತ್ರ ಹಿಗ್ಗಲಾಗಲಿಲ್ಲ. ಜಿಲ್ಲಾ ಕೇಂದ್ರದಲ್ಲಿ ಬರುವುದಿಲ್ಲ ಎಂಬ ತೊಂದರೆ, ಇಲ್ಲಿ ಬರುತ್ತದೆ ಎಂಬ ತೊಂದರೆ. ಸರಸಿಜಾಳಿಗೆ ಒಳ್ಳೆಯ ದಪ್ಪ ಹರಳುಗಳನ್ನೇ ಆರಿಸಿ ಕೊಟ್ಟೆ. ನಾನು ಒಳಗೆ ಹೋಗುವಂತಿರಲಿಲ್ಲ, ಅದಕ್ಕೆ ಹೆಡ್ಮಾಸ್ಟರನ್ನು ಕಾಡಿ ಬೇಡಿ ಜಗಲಿಯಲ್ಲಿ ಕುಡಿಯುವ ನೀರು ಕೊಡುವ ಕೆಲಸ ಗಿಟ್ಟಿಸಿಕೊಂಡೆ. ಕೈಯಲ್ಲಿ ಲೋಟ, ಕಣ್ಣು ಕಿಟಕಿಯ ಮೇಲೆ.

ಮೇಲ್ವಿಚಾರಕರಾಗಿ ಬಂದವರು ನಂಜುಂಡಾರಾಧ್ಯರು ಎಂಬ ಹೊರಗಿನವರು. ಇಸ್ತ್ರಿ ಮುರಿಯದ ಅಂಗಿ, ಮುರಿಯದ ಮುಖ. ಪ್ರಶ್ನೆಪತ್ರಿಕೆ ಹಂಚಿ ಮುಗಿಯುವಷ್ಟರಲ್ಲೇ ಅವರ ಕಣ್ಣು ಅಭ್ಯರ್ಥಿಗಳ ಉಬ್ಬಿದ ಕೆನ್ನೆಗಳ ಮೇಲೆ ಬಿತ್ತು.

“ಏನ್ರೀ ಅದು ಬಾಯಲ್ಲಿ?”

“ಕಲ್ಲುಸಕ್ಕರೆ ಸಾರ್,” ಎಂದ ಗೌರೀಶ.

“ಇದೇನು ಪರೀಕ್ಷೆಯೋ ನಾಮಕರಣವೋ? ಉಗೀರಿ ಆಚೆ!”

“ಅಯ್ಯೋ, ಬೇಡಿ ಸಾಹೇಬ್ರೇ,” ಎಂದು ನಾನು ಕಿಟಕಿಯಿಂದಲೇ ಕೈ ಮುಗಿದೆ. “ಇಲ್ಲಿನ ಪದ್ಧತಿ ಅದು, ಅದಿಲ್ಲದಿದ್ದರೆ ಅನಾಹುತ ಆಗುತ್ತೆ.”

“ನೀರು ಕೊಡೋರು ನೀರು ಕೊಡಿ,” ಎಂದರು ಆರಾಧ್ಯರು. ಉಗುಳಿಸಿದರು. ಅಷ್ಟಕ್ಕೆ ಬಿಟ್ಟರೇ? ಅಭ್ಯರ್ಥಿಗಳು ಗಾಳಿಯಲ್ಲಿ ಸುತ್ತು ಬರೆದು ಲೆಕ್ಕ ಹಾಕುವುದನ್ನು ನೋಡಿ, ಒಬ್ಬರಿಗೊಬ್ಬರು ಉತ್ತರದ ಸನ್ನೆ ಮಾಡುತ್ತಿದ್ದಾರೆಂದು ಹೌಹಾರಿದರು. “ಕೈ ಕೆಳಗೆ! ಬೆರಳು ಅಲ್ಲಾಡಿಸಿದವರ ಪೇಪರ್ ಕಿತ್ಕೊಳ್ತೀನಿ!”

ಬಾಯಿಗೆ ಸಕ್ಕರೆಯಿಲ್ಲ, ಬೆರಳಿಗೆ ಸುತ್ತಿಲ್ಲ. ನಾನು ನೀರಿನ ಹಂಡೆಯ ಪಕ್ಕ ನಿಂತು ಸರಸಿಜಾಳ ತುಟಿಗಳನ್ನೇ ನೋಡುತ್ತಿದ್ದೆ. ಪಾಪ, ಹಲ್ಲು ಕಚ್ಚಿ ಹಿಡಿದಿದ್ದಳು. ಮೊದಲ ಪುಟ ದಾಟಿದಳು, ಎರಡನೆಯ ಪುಟ ದಾಟಿದಳು. ಪೆನ್ನು ಸರಸರ ಓಡುತ್ತಿತ್ತು, ನನಗೆ ಧೈರ್ಯ ಬರುತ್ತಿತ್ತು. ಮೂರನೆಯ ಪುಟಕ್ಕೆ ಬರುವಾಗ ಯೋಚನೆಯಲ್ಲಿ ಮುಳುಗಿ ಮೈಮರೆತಳು ನೋಡಿ, ಬಾಯಿ ತೆರೆದೇ ಬಿಟ್ಟಿತು.

“ಎಲ್ಲ ಎಮ್ಮೆಗಳು ಹಡಗುಗಳು…”

ಅಂದವಳೇ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕೋಣೆಯಲ್ಲಿದ್ದ ಅಷ್ಟೂ ತಲೆಗಳು ಬಾಗಿಲ ಕಡೆ ತಿರುಗಿದವು. “ಏನದು? ಯಾಕೆ ತಿರುಗ್ತೀರಿ?” ಎಂದು ಆರಾಧ್ಯರು ಕೇಳುವುದರೊಳಗೆ ಮೊದಲನೆಯ ಎಮ್ಮೆ ಗೇಟಿನಲ್ಲಿ ಕಾಣಿಸಿತು. ಆಮೇಲೆ ಕೆರೆಯಲ್ಲಿ ಮಲಗಿದ್ದವು ಕೆಸರು ಸುರಿಸಿಕೊಂಡು ಬಂದವು, ಕೊಟ್ಟಿಗೆಯಲ್ಲಿದ್ದವು ಹಗ್ಗ ಸಮೇತ ಬಂದವು, ಅರ್ಧ ಹಾಲು ಕರೆಸಿಕೊಂಡಿದ್ದ ಒಂದು ಎಮ್ಮೆ ಚೊಂಬು ಹಿಡಿದ ಒಡತಿಯನ್ನೂ ಹಿಂದೆ ಕರೆದುಕೊಂಡು ಬಂತು. ನಮ್ಮ ಎಮ್ಮೆಗಳು ಸಂಭಾವಿತವು, ನೂಕುನುಗ್ಗಲಿಲ್ಲ. ಬೆಂಚುಗಳ ನಡುವೆ ಸಾಲಾಗಿ ಬಂದು, ತಾವು ಹಡಗುಗಳು ಹೌದೋ ಅಲ್ಲವೋ ಚೆನ್ನಾಗಿ ನೋಡಿಕೊಳ್ಳಿ ಎನ್ನುವಂತೆ ನಿಂತವು. ಒಂದು ಎಮ್ಮೆ ಆರಾಧ್ಯರ ಇಸ್ತ್ರಿ ಅಂಗಿಗೆ ಮೂಗು ಒರೆಸಿತು.

ಎಮ್ಮೆಗಳನ್ನು ಹೊರಗಟ್ಟುವಷ್ಟರಲ್ಲಿ ನಾವು ಬೆವತು ನೀರಾದೆವು. ಕೋಣೆಯ ತುಂಬ ಕೆಸರು, ಸಗಣಿ, ನಗು. ಆರಾಧ್ಯರೊಬ್ಬರು ನಗಲಿಲ್ಲ. ಮೇಜಿನ ಮೇಲೆ ಹತ್ತಿ ನಿಂತಿದ್ದವರು ಅಲ್ಲಿಂದಲೇ ಸರಸಿಜಾಳತ್ತ ಬೆರಳು ಚಾಚಿ ನಡುಗುವ ದನಿಯಲ್ಲಿ ಕೂಗಿದರು. “ಪರೀಕ್ಷೆಗೆ ಎಮ್ಮೆ ಹೊಡ್ಕೊಂಡು ಬರೋ ಜನ! ಇಷ್ಟು ವರ್ಷದ ಸರ್ವೀಸಲ್ಲಿ ನೋಡಿಲ್ಲ ನಾನು! ಕೇಳಿಸ್ಕೊಳ್ಳಿ, ಇಲ್ಲಿ ಕೂತಿರೋರಲ್ಲಿ ಯಾರೂ ಪಾಸಾಗಲ್ಲ! ಯಾರೂ!”

ನಗು ಥಟ್ಟನೆ ನಿಂತಿತು. ಊರಿನಲ್ಲಿ ಯಾವ ಮಾತನ್ನು ನಾವು ಕನಸಿನಲ್ಲೂ ಆಡುವುದಿಲ್ಲವೋ ಆ ಮಾತನ್ನು ಈ ಮನುಷ್ಯ ಮೇಜಿನ ಮೇಲೆ ನಿಂತು ಎರಡು ಸಲ ಆಡಿದ್ದ. ಯಾರ ಕಾಲೂ ಅಲ್ಲಾಡಲಿಲ್ಲ. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಆಗ ಹಿಂದಿನ ಬೆಂಚಿನಲ್ಲಿ ಗೌರೀಶ ಎದ್ದ. ಎಮ್ಮೆಗಳ ಗದ್ದಲದಲ್ಲೂ ಪುಣ್ಯಾತ್ಮ ಒಂದು ನಿದ್ದೆ ತೆಗೆದಿದ್ದ ಎಂದು ಕಾಣುತ್ತದೆ, ಕಣ್ಣು ಇನ್ನೂ ಮುಚ್ಚಿತ್ತು. ಕಾಲುಗಳು ಮಾತ್ರ ಅವನನ್ನು ನೇರ ಆರಾಧ್ಯರ ಮುಂದೆ ತಂದು ನಿಲ್ಲಿಸಿದವು. ಅಲ್ಲಿ ಕಣ್ಣು ಬಿಟ್ಟು ಸುತ್ತ ನೋಡಿ, “ನಾನಾ?” ಎಂದ.

ಕೋಣೆ ಹೋ ಎಂದಿತು. ಜಗಲಿಯಲ್ಲಿದ್ದವರು ಶಿಳ್ಳೆ ಹಾಕಿದರು. ಗೋಡೆಗೆ ಒರಗಿ ನಿದ್ದೆ ಮಾಡುತ್ತಲೇ ಅಷ್ಟೂ ಪಾಠ ಕೇಳಿಸಿಕೊಂಡಿದ್ದನೇ ಈ ಕಳ್ಳ! ನನ್ನ ಶಿಷ್ಯನೊಬ್ಬ ಪಾಸಾಗುವವನು ಎಂದು ಬಹಿರಂಗವಾಗಿ ಸಾಬೀತಾಗಿತ್ತು, ನಾನೂ ಕುಣಿಯಬೇಕಿತ್ತು. ಆದರೆ ಸರಸಿಜಾ ಪೆನ್ನಿನ ಮುಚ್ಚಳ ಹಾಕುತ್ತಿದ್ದಳು.

ನಾನು ಕಿಟಕಿಯ ಕಂಬಿಗೆ ಮುಖ ಒತ್ತಿದೆ. “ಏಯ್ ಸರಸಿಜಾ! ಏನ್ ಮಾಡ್ತಿದೀಯ? ತೆಗಿ ಮುಚ್ಚಳ!”

“ಸಾಕು ಮೇಷ್ಟ್ರೇ. ನನ್ ಕಾಲು ಏಳಲಿಲ್ಲ.”

“ಒಬ್ಬ ಎದ್ದ ಅಂದರೆ ಅವರ ಮಾತು ಸುಳ್ಳಾಯ್ತು, ಕೆಲಸ ಮುಗೀತು. ಉಳಿದವರು ಯಾಕೆ ಏಳಬೇಕು? ನೀನು ಪಾಸೋ ಫೇಲೋ, ಅದರಿಂದ ಹೇಗೆ ಗೊತ್ತಾಗುತ್ತೆ? ಇಷ್ಟು ದಿನ ನಾನು ಹೇಳಿಕೊಟ್ಟಿದ್ದು ಏನನ್ನ?”

“ತಲೆಗೆ ಗೊತ್ತು,” ಎಂದಳು. ಎದೆಯ ಮೇಲೆ ಕೈಯಿಟ್ಟುಕೊಂಡಳು. “ಇದಕ್ಕೆ ಗೊತ್ತಾಗ್ತಿಲ್ಲ ಮೇಷ್ಟ್ರೇ. ಎರಡು ಸಲ ಫೇಲಾಗಿದೀನಿ. ಇವತ್ತು ಎಮ್ಮೆ ತಂದೆ. ನನ್ ಹಣೇಲಿ ಗಿರಣೀನೇ ಬರೆದಿರೋದು.” ಪತ್ರಿಕೆ ಮಡಚಿಕೊಂಡು ಎದ್ದಳು. ಅರ್ಧಕ್ಕಿಂತ ಹೆಚ್ಚು ಖಾಲಿ ಇದ್ದ ಪತ್ರಿಕೆಯನ್ನು ಒಪ್ಪಿಸಲು ಮೇಜಿನ ಕಡೆಗೆ ಹೊರಟೇಬಿಟ್ಟಳು. ಆರಾಧ್ಯರು ಕೈ ಚಾಚಿದರು.

ನನ್ನ ತಲೆಯಲ್ಲಿ ಒಂದು ವಾಕ್ಯ ಸಿದ್ಧವಾಗಿ ನಿಂತಿತ್ತು. ಅದನ್ನು ಆಡಲು ನನಗೆ ಭಯ. ಊರಿನಲ್ಲಿ ಗಿರಣಿಯವರೆಂದರೆ ಅವಳೊಬ್ಬಳೇ, ಅಲ್ಲಿ ಅಡಗಿಕೊಳ್ಳಲು ಇನ್ನೊಬ್ಬರ ಬೆನ್ನಿಲ್ಲ. ಮಾತು ಸುಳ್ಳಾದರೆ ಅವಳೇ ಬರಬೇಕು. ನಿಜವಾದರೆ? ಅವಳ ಆಕಾಶದ ಬಾಗಿಲನ್ನು ನನ್ನ ಬಾಯಿಂದಲೇ ಹಾಕಿದಂತೆ. ತಿಳಿಯದವರು ಹೇಳಿದರೆ ಅವರ ಅಜ್ಞಾನ ಅನ್ನಬಹುದು, ಕಲಿಸಿದ ಮೇಷ್ಟ್ರೇ ಹೇಳಿ, ಅದು ನಿಜವೂ ಆಗಿಬಿಟ್ಟರೆ ಆ ಹೆಣ್ಣುಮಗಳ ಮುಖವನ್ನು ನಾನು ಹೇಗೆ ನೋಡಲಿ? ಆದರೆ ಹೇಳದಿದ್ದರೆ ಆ ಪತ್ರಿಕೆ ಇನ್ನೆರಡು ಹೆಜ್ಜೆಯಲ್ಲಿ ಆರಾಧ್ಯರ ಕೈಯಲ್ಲಿರುತ್ತದೆ. ನನಗೆ ಅವಳ ಮೇಲೆ ಭರವಸೆಯಿತ್ತು. ಇತ್ತು ಎಂದಮೇಲೆ ಹೇಳಬೇಕು.

ಕಂಬಿ ಎರಡನ್ನೂ ಹಿಡಿದುಕೊಂಡು, ಊರಿಗೆಲ್ಲ ಕೇಳುವಂತೆ ಕಿರುಚಿದೆ. “ಹಿಟ್ಟಿನ ಗಿರಣಿ ನಡೆಸೋರು ಯಾರೂ ಈ ಪರೀಕ್ಷೆ ಪಾಸಾಗಲ್ಲ!”

ಜನ ನನ್ನ ಕಡೆ ತಿರುಗಿದ ರೀತಿ ಹೇಳಲಾರೆ. ಚೊಂಬಿನ ಒಡತಿ, “ನಿಮ್ಮ ಬಾಯಿಗಿಷ್ಟು ಮಣ್ಣು ಹಾಕ,” ಎಂದಳು. ಸರಸಿಜಾ ನನ್ನನ್ನು ನೋಡಲಿಲ್ಲ. ಬೆನ್ನಿಗೆ ಹೊಡೆತ ಬಿದ್ದವಳ ಹಾಗೆ ಒಮ್ಮೆ ಕುಗ್ಗಿ, ಮೇಜಿನ ಕಡೆ ಇನ್ನೊಂದು ಹೆಜ್ಜೆ ಇಟ್ಟಳು. ದೇವರೇ, ಎಂಥ ಕೆಲಸ ಮಾಡಿಬಿಟ್ಟೆ ಎಂದುಕೊಂಡೆ.

ಇನ್ನೊಂದು ಹೆಜ್ಜೆಗೆಂದು ಎತ್ತಿದ ಕಾಲು ಕೆಳಗೆ ಬರಲಿಲ್ಲ. ಅವಳು ಆ ಕಾಲನ್ನು ಬಗ್ಗಿ ನೋಡಿದಳು. ಕಾಲು ನಿಧಾನವಾಗಿ ಎಡಕ್ಕೆ ತಿರುಗಿತು, ಅದರ ಹಿಂದೆ ಅವಳು ತಿರುಗಿದಳು. “ಅಯ್ಯೋ, ಅಯ್ಯೋ,” ಎನ್ನುತ್ತ, ಪತ್ರಿಕೆಯನ್ನು ಎದೆಗೆ ಅವಚಿಕೊಂಡು, ಬೆಂಚುಗಳಿಗೆ ಮಂಡಿ ತಾಗಿಸಿಕೊಳ್ಳುತ್ತ, ಸಗಣಿಯಲ್ಲಿ ಜಾರುತ್ತ, ಕೋಣೆಯನ್ನು ಅಡ್ಡ ಹಾಯ್ದು ಬಂದು ನನ್ನ ಕಿಟಕಿಯ ಮುಂದೆ ನಿಂತಳು. ಕಂಬಿಯ ಆಚೆ ಅವಳ ಮೂಗು, ಈಚೆ ನನ್ನ ಮೂಗು.

“ಮೇಷ್ಟ್ರೇ,” ಎಂದಳು, ಪಿಸುದನಿಯಲ್ಲಿ. “ನಾನ್ ಬಂದೆ.”

ಮುದುಕ ನಾನು, ಎಲ್ಲರ ಮುಂದೆ ಗಳಗಳ ಅತ್ತುಬಿಟ್ಟೆ. ಅವಳು ಅಳುತ್ತ ನಗುತ್ತ ಕಂಬಿಯ ಸಂದಿಯಿಂದ ಕೈ ಹಾಕಿ ನನ್ನ ತೋಳು ಹಿಡಿದು ಜಗ್ಗಿದಳು. ಮೇಜಿನ ಮೇಲಿನಿಂದ ಆರಾಧ್ಯರು, ಸಮಯ ಹೋಗುತ್ತಿದೆ, ಇದು ಯಾವ ಸೀಮೆಯ ಪರೀಕ್ಷೆ ಎಂದು ಏನೇನೋ ಹೇಳುತ್ತಿದ್ದರು.

“ಇನ್ನೂ ಎಷ್ಟು ಪ್ರಶ್ನೆ ಉಳಿದಿದೆ?” ಎಂದೆ, ಮೂಗು ಒರೆಸಿಕೊಂಡು.

“ಅರ್ಧಕ್ಕಿಂತ ಜಾಸ್ತಿ.”

“ಮತ್ತೆ ಇಲ್ಲಿ ಹಲ್ಲು ಕಿರೀತಾ ಯಾಕೆ ನಿಂತಿದೀಯ? ಅದನ್ನೇನು ನಾನು ಬರೀಲಾ? ಹೋಗು, ಹೋಗಿ ಬರಿ!”